ನರರೋಗ ವಾರ್ಡಿನ ಕಾಫಿಪುಡಿ ಬಾಟಲಿ

ನಾನು ಒಂದು ಪುಟ್ಟ ಗಾಜಿನ ಬಾಟಲಿ. ಹುಟ್ಟಿದ್ದು ಯಾವುದೋ ಕಾರ್ಖಾನೆಯ ಬೆಂಕಿಯಲ್ಲಿ. ಹೊಟ್ಟೆಗೆ ಮೊದಲು ಬಿದ್ದದ್ದು ತಲೆನೋವಿನ ಮುಲಾಮು. ಡಾಕ್ಟರ್ ಮೃತ್ಯುಂಜಯಪ್ಪನವರ ಮನೆಯಾಕೆ ಅದನ್ನು ಬೆರಳಲ್ಲಿ ಕೆರೆದು ಕೆರೆದು ಖಾಲಿ ಮಾಡಿದರು. ಇನ್ನೇನು ತಿಪ್ಪೆಗೆ ಬೀಳಬೇಕು, ಅಷ್ಟರಲ್ಲಿ ಡಾಕ್ಟರು, "ಇರ್ಲಿ ಬಿಡೇ, ನಮ್ಮ ಹುಡುಗರಿಗೆ ಬೇಕಾಗತ್ತೆ" ಅಂದರು. ಮುಲಾಮಿನ ಘಾಟು ಹೋಗುವ ತನಕ ನನ್ನನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ ಮುಳುಗಿಸಿ ತೆಗೆದರು. ಅಬ್ಬಾ, ಆ ಉರಿ ಯಾರಿಗೂ ಬೇಡ! ಆಮೇಲೆ ಮನೆಯ ಕಾಫಿಪುಡಿ ತುಂಬಿ, ಬ್ಯಾಗಿಗೆ ಹಾಕಿಕೊಂಡು ಹೊರಟರು.

ಅವರು ಮೈಸೂರು ಕಡೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ನರರೋಗದ ಪಾಠ ಹೇಳುತ್ತಿದ್ದರು. ಬ್ಯಾಗಿನಲ್ಲಿ ಮಂಡಿಗೆ ಬಡಿಯುವ ಸುತ್ತಿಗೆ, ಟಾರ್ಚು, ಗುಂಡುಸೂಜಿ, ಹತ್ತಿ, ಜೊತೆಗೆ ನಾನು. ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳನ್ನು ಒಂದಾದ ಮೇಲೊಂದು ಪರೀಕ್ಷಿಸಬೇಕು. ಮೊದಲನೆಯದು ವಾಸನೆಯ ನರ, ಹಾಗಾಗಿ ಮೊದಲ ಸರದಿ ನನ್ನದು. "ಘಾಟಿನ ಮುಲಾಮು ಹಿಡಿದರೆ ಮೂಗು ಉರಿಯತ್ತೆ ಕಣ್ರಯ್ಯಾ, ಅದು ಬೇರೆ ನರದ ಕೆಲಸ. ಕಾಫಿ ಹಿಡೀರಿ. ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆ ನೋಡಿ" ಅನ್ನುತ್ತಿದ್ದರು. ಪುಡಿಯನ್ನು ವಾರ ವಾರವೂ ಬದಲಿಸುತ್ತಿದ್ದರು. ಆಗ ನನಗೂ ಒಂದು ಮರ್ಯಾದೆ ಇತ್ತು.

ಅವರು ನಿವೃತ್ತರಾದಾಗ ಬ್ಯಾಗು ವಾರ್ಡಿಗೇ ಉಳಿಯಿತು. ಅವರ ಜಾಗಕ್ಕೆ ಬಂದ ಡಾಕ್ಟರ್ ರಘುನಂದನ್ ಕೆಟ್ಟವರಲ್ಲ. ಆದರೆ ಯಾವಾಗಲೂ ಕಾಲಿಗೆ ಚಕ್ರ ಕಟ್ಟಿಕೊಂಡವರೇ. ಪುಡಿ ಬದಲಿಸುವುದು ಯಾರಿಗೂ ನೆನಪಾಗಲಿಲ್ಲ. ಸುತ್ತಿಗೆಗೆ ಏನು ಉಪಚಾರ, ಎಲ್ಲರ ಕೈಯಲ್ಲೂ ಅವನೇ! ನನ್ನ ಸರದಿ ಬಂದಾಗ ಮಾತ್ರ ಹುಡುಗರು ನನ್ನ ಕಡೆ ತಿರುಗಿಯೂ ನೋಡದೆ, "ವಾಸನೆ ನಾರ್ಮಲ್ ಸಾರ್" ಅನ್ನುತ್ತಿದ್ದರು. "ಹ್ಞೂಂ, ಮುಂದೆ" ಅನ್ನುತ್ತಿದ್ದರು ಸಾರು. ಬ್ಯಾಚುಗಳು ಬಂದವು, ಹೋದವು. ಕೇಳಿ ಕೇಳಿ ನನಗೆ ಸಾಕಾಗಿಹೋಯಿತು.

ಹೀಗಿರುವಾಗ ಚಿಕ್ಕತಾಯಮ್ಮ ಬಂದಳು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ಮೊದಲೆಲ್ಲ ಮಕ್ಕಳಿಗೆ ಗದರಿಸಿ, ನಗಿಸಿ ಬಡಿಸುತ್ತಿದ್ದವಳಂತೆ. ಒಂದು ವರ್ಷದಿಂದ ನಗು ಇಲ್ಲ, ಮಾತಿಲ್ಲ. ಅನ್ನ ಸೀದು ಕರಕಲಾದರೂ ಒಲೆಯ ಮುಂದೆಯೇ ಸುಮ್ಮನೆ ನಿಂತಿರುತ್ತಿದ್ದಳು. ಸೀರೆ ಒದ್ದೆಯಾದರೂ ಪರಿವೆ ಇರಲಿಲ್ಲ. ಕೆಲಸ ಹೋಯಿತು, ಊರವರು ಹುಚ್ಚಿ ಅಂದರು. ವಾರ್ಡಿನಲ್ಲೂ ಅದೇ ತೀರ್ಮಾನ. ಕೈಕಾಲಿನಲ್ಲಿ ಬಲ ಇದೆ, ಸುತ್ತಿಗೆ ಬಡಿದರೆ ಮಂಡಿ ಚಿಮ್ಮುತ್ತದೆ, ಸ್ಕ್ಯಾನಿನ ಸರತಿಯೋ ಮಾರುದ್ದ. ಮನಸ್ಸಿನ ಕಾಯಿಲೆಗೆ ಮಾತ್ರೆ ಕೊಟ್ಟು ಮರುದಿನ ಮನೆಗೆ ಕಳಿಸುವುದು ಅಂತ ಆಯಿತು. ಅವಳ ತಂಗಿ ಜಯಮ್ಮ, "ನಮ್ಮಕ್ಕ ಹುಚ್ಚಿ ಅಲ್ಲ ಸಾ" ಅಂತ ಕಂಡಕಂಡವರ ಮುಂದೆ ಅಳುತ್ತಿದ್ದಳು.

ಕೊನೆಯ ವರ್ಷದ ವಿದ್ಯಾರ್ಥಿನಿ ಸುಮಯ್ಯಾಗೆ ಆ ದಿನ ಚಿಕ್ಕತಾಯಮ್ಮನನ್ನು ಪರೀಕ್ಷಿಸಿ ಹೇಳುವ ಕೆಲಸ ಬಿತ್ತು. ಆ ಹುಡುಗಿ ನನ್ನ ಮುಚ್ಚಳ ತಿರುಚಿದಳು! ಎಷ್ಟು ವರ್ಷವಾಗಿತ್ತೋ, ಕಿರ್ರೆಂದಿತು. ಚಿಕ್ಕತಾಯಮ್ಮ ಎರಡು ಹೊಳ್ಳೆಯಲ್ಲೂ ಏನೂ ಇಲ್ಲ ಎಂದಳು. ಸುಮಯ್ಯಾ ಹಾಗೆಯೇ ಒಪ್ಪಿಸಿದಳು. ರಘುನಂದನ್ ನನ್ನನ್ನು ಕಸಿದುಕೊಂಡು ಮೂಸಿದರು.

"ನನಗೂ ಏನೂ ಬರ್ತಿಲ್ಲ ಕಣಮ್ಮಾ. ನನ್ನನ್ನೂ ಅಡ್ಮಿಟ್ ಮಾಡ್ಕೋ!"

ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗಿಯ ಮುಖ ಕೆಂಪಾಯಿತು. ನನಗಂತೂ ಬಿದ್ದು ಒಡೆದುಹೋಗಬಾರದೇ ಅನ್ನಿಸಿತು.

ಪಾಠ ಮುಗಿದ ಮೇಲೆ ಸುಮಯ್ಯಾ ನನ್ನನ್ನು ಕ್ಯಾಂಟೀನಿಗೆ ಒಯ್ದಳು. ಹಳೆಯ ಪುಡಿ ಕೊಡವಿ, ತೊಳೆದು ಒರೆಸಿ, ಆಗಷ್ಟೇ ಒಡೆದ ಪೊಟ್ಟಣದ ಪುಡಿ ತುಂಬಿದಳು. ಆಹಾ, ಹೋದ ಜೀವ ಬಂದಂತಾಯಿತು! ವಾರ್ಡಿಗೆ ಹಿಂದಿರುಗಿ ಎಡ ಹೊಳ್ಳೆಗೆ ಹಿಡಿದಳು. ಏನೂ ಇಲ್ಲ. ಬಲ ಹೊಳ್ಳೆಗೆ ಹಿಡಿದಳು. ಚಿಕ್ಕತಾಯಮ್ಮ ಮೂಗರಳಿಸಿ, "ಕಾಪಿ... ಒಂದ್ ಲೋಟ ಕೊಡವ್ವ" ಅಂದಳು. ಜಯಮ್ಮ ಹೋ ಎಂದು ಅತ್ತುಬಿಟ್ಟಳು. ಅಕ್ಕ ಬಾಯಿಬಿಟ್ಟು ಏನನ್ನಾದರೂ ಕೇಳಿ ತಿಂಗಳುಗಳೇ ಆಗಿದ್ದವು.

ನೆಗಡಿಯಾದರೆ ಎರಡೂ ಕಡೆ ವಾಸನೆ ಹೋಗುತ್ತದೆ. ಒಂದೇ ಕಡೆ ಹೋಗಿದೆ ಅಂದರೆ ಆ ನರವನ್ನು ಏನೋ ಒತ್ತುತ್ತಿರಬಹುದು. ರಘುನಂದನ್ ತಾವೇ ಬಂದು ನೋಡಿದರು. ಈ ಸಲ ನಗಲಿಲ್ಲ. ಅಂದೇ ಸ್ಕ್ಯಾನ್ ಮಾಡಿಸಿದರು. ಹಣೆಯ ಹಿಂದೆ, ಎಡಕ್ಕೆ, ನಿಂಬೆಹಣ್ಣಿನ ಗಾತ್ರದ ಗಡ್ಡೆ! ಅವಳ ನಗು, ಮಾತು ಎಲ್ಲವನ್ನೂ ಅದುಮಿಟ್ಟಿದ್ದು ಅದೇ. ಪುಣ್ಯಕ್ಕೆ ಕ್ಯಾನ್ಸರ್ ಆಗಿರಲಿಲ್ಲ. ಆಪರೇಷನ್ ಆಯಿತು. ಎಡ ಹೊಳ್ಳೆಗೆ ಹೋದ ವಾಸನೆ ಬರಲಿಲ್ಲ, ಹೋದ ಚಿಕ್ಕತಾಯಮ್ಮ ಬಂದಳು. ಡಿಸ್ಚಾರ್ಜಿನ ದಿನ ನರ್ಸುಗಳನ್ನೇ ಗದರಿಸಿ, ನಗಿಸಿ ಹೋದಳು.

ಒಂದಷ್ಟು ದಿನ ಎಲ್ಲರೂ ನನ್ನನ್ನು ಮೂಗಿಗೆ ಹಿಡಿದರು. ಸುಮಯ್ಯಾ ಪಾಸಾಗಿ ಹೋದಳು. ಆಮೇಲೆ ಮತ್ತದೇ ರಾಗ, "ನಾರ್ಮಲ್ ಸಾರ್."

ಮುಂದಿನ ವರ್ಷದ ಫೈನಲ್ ಪರೀಕ್ಷೆಗೆ ಚಿಕ್ಕತಾಯಮ್ಮನನ್ನು ಕರೆಸಿದರು. ಗುಣವಾದ ರೋಗಿಗಳನ್ನು ಹೀಗೆ ಕೂರಿಸಿ ಹುಡುಗರ ಕೈಯಲ್ಲಿ ಪರೀಕ್ಷೆ ಮಾಡಿಸುವುದು ಇಲ್ಲಿಯ ವಾಡಿಕೆ. ಬೆವರಿನಲ್ಲಿ ತೊಯ್ದ ಒಬ್ಬ ಹುಡುಗ ಬಂದ. ಟಾರ್ಚು ಹಿಡಿದ, ಸುತ್ತಿಗೆ ಬಡಿದ. ಅವನ ಮೊಣಕೈ ಪಕ್ಕದಲ್ಲೇ ನಾನು. ಮುಟ್ಟಲಿಲ್ಲ.

"ಮೊದಲನೇ ನರ?" ಬೇರೆ ಊರಿಂದ ಬಂದ ಪರೀಕ್ಷಕರು ಕೇಳಿದರು.

"ಎರಡೂ ಕಡೆ ನಾರ್ಮಲ್ ಸಾರ್."

ಚಿಕ್ಕತಾಯಮ್ಮ ನನ್ನನ್ನು ನೋಡಿದಳು, ಹುಡುಗನನ್ನು ನೋಡಿದಳು, ತುಟಿ ಬಿಗಿದು ಕೂತಳು. ಪರೀಕ್ಷಕರು ಗಡಿಯಾರ ನೋಡಿ, "ಮುಂದೆ" ಅಂದರು.

ಎಲ್ಲರೂ ಹೋದ ಮೇಲೆ ಅವಳು ಜೊತೆಗೆ ಬಂದಿದ್ದ ಜಯಮ್ಮನಿಗೆ ಹೇಳಿದಳು: "ಪಾಪ, ಆ ಮಗಿ ಬೆವ್ತು ತೊಪ್ಪೆಯಾಗಿತ್ತು. ನಾನೇನಾರ ಬಾಯಿ ಬುಟ್ಟಿದ್ರೆ ಪೇಲಾಗೋಗೋದು. ಅದಕ್ಕೇ ಸುಮ್ಕಿದ್ದೆ."

ಅಯ್ಯೋ ನನ್ನ ತಾಯೀ! ನಿನ್ನ ಕರುಳು ದೊಡ್ಡದು, ಇಲ್ಲ ಅನ್ನಲಾರೆ. ಆದರೆ ನಿಜ ಗೊತ್ತಿದ್ದ ನಮ್ಮಿಬ್ಬರಲ್ಲಿ ಮಾತಾಡುವ ಬಾಯಿ ಇದ್ದದ್ದು ನಿನಗೊಬ್ಬಳಿಗೇ. ನಿನ್ನಂಥವಳೇ ಇನ್ನೊಬ್ಬಳು ನಾಳೆ ಅವನ ಮುಂದೆ ಕೂರುತ್ತಾಳಲ್ಲ, ಅವಳ ಗತಿಯೇನು?

ಈಗ ನಾನು ವಾರ್ಡಿನ ಬೀರುವಿನ ಕೆಳಗಿನ ಖಾನೆಯಲ್ಲಿದ್ದೇನೆ. ಮುಚ್ಚಳಕ್ಕೆ ತುಕ್ಕು ಹಿಡಿದಿದೆ. ಇನ್ನು ತೆರೆದರೂ ಬರುವುದೇನಿಲ್ಲ. ಸುಸ್ತಾಗಿದೆ ನನಗೆ. ಆ ಹುಡುಗ ಪಾಸಾದನಂತೆ, ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ದಿನಾ ರೋಗಿಗಳನ್ನು ನೋಡುತ್ತಾನಂತೆ.