ಗುಡ್ಡ ಏರಿದ ಗುಂಗಿ

ನಾನು ಒಂದು ಪುಟ್ಟ ಎಂಜಿನ್ನು. ಸಿಪ್ಪೆ ಸುಲಿಯದ ತೆಂಗಿನಕಾಯಿಯ ಪಕ್ಕ ನನ್ನನ್ನಿಟ್ಟರೆ ಕಾಯಿಯೇ ತುಸು ದೊಡ್ಡದಾಗಿ ಕಂಡೀತು. ನಾನು ಹುಟ್ಟಿದ್ದು ಯಾವುದೋ ದೂರದ ಶಹರದ ಕಾರ್ಖಾನೆಯಲ್ಲಿ. ಒಂದೇ ದಿನ ನನ್ನಂಥವರು ನೂರಾರು ಮಂದಿ ಹುಟ್ಟಿದೆವು. ಒಬ್ಬರ ಮುಖ ಒಬ್ಬರು ನೋಡುವ ಮೊದಲೇ ನಮ್ಮನ್ನು ರಟ್ಟಿನ ಡಬ್ಬಿಗಳಲ್ಲಿ ತುಂಬಿ ಕಳಿಸಿಬಿಟ್ಟರು. ಆ ಕತ್ತಲಲ್ಲಿ ಕೂತು ಯೋಚಿಸುತ್ತಿದ್ದೆ, ನನ್ನ ಹೊಟ್ಟೆಯೊಳಗೊಂದು ಕಿಡಿ ಇಟ್ಟಿದ್ದಾರಲ್ಲ, ಅದು ಯಾತಕ್ಕೆ ಅಂತ.

ಮುಂಡರಗಿ ಸೀಮೆಯ ರೈತನೊಬ್ಬ ಹತ್ತಿಗೆ ಔಷಧ ಹೊಡೆಯುವ ಪಂಪಿನೊಡನೆ ನನ್ನನ್ನು ಬೆನ್ನಿಗೆ ಕಟ್ಟಿಕೊಂಡ. ಕೂಸನ್ನು ಹೊತ್ತ ಹಾಗೆ ಹೊತ್ತ, ಅದು ಸುಳ್ಳಲ್ಲ. ಆದರೆ ಬೆನ್ನ ಮೇಲೆ ಕೂತವರಿಗೆ ಮುಂದಿನದು ಕಾಣುವುದಿಲ್ಲ. ನಾಲ್ಕು ವರ್ಷ ನಾನು ಕಂಡದ್ದು ನಾವು ದಾಟಿ ಬಂದ ಸಾಲುಗಳನ್ನು ಮಾತ್ರ. ಕೊನೆಗೆ ಪಂಪಿನ ಟಾಕಿ ಒಡೆದು ಔಷಧ ಸೋರತೊಡಗಿತು. ರೈತ ನನ್ನನ್ನು ಗುಜರಿಗೆ ಹಾಕಿದ.

ಗುಜರಿಯಿಂದ ನನ್ನನ್ನು ಎತ್ತಿಕೊಂಡು ಬಂದವನು ಲೇಥ್ ಅಂಗಡಿಯ ಮೋದಿನಸಾಬ. ಉದ್ದ ಗಡ್ಡ, ಗಡ್ಡದ ತುಂಬ ಕಬ್ಬಿಣದ ಪುಡಿ. ಬಿಸಿಲು ಬಿದ್ದರೆ ಮಿಣಮಿಣ ಹೊಳೆಯುತ್ತಿತ್ತು. ಯಾವುದೋ ಕಥೆಯ ಮಾಂತ್ರಿಕನ ಕೈಗೇ ಬಂದೆ ಎಂದುಕೊಂಡೆ.

ಒಂದು ದಿನ ಕಾಶವ್ವ ಅಂಗಡಿಗೆ ಬಂದಳು. ಇಪ್ಪತ್ನಾಲ್ಕರ ಹುಡುಗಿ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಬಲಗಾಲು ಸೋತಿತ್ತು. ಮೊಣಕಾಲಿಗೆ ಕೈಯೂರಿ ನಡೆಯುತ್ತಿದ್ದಳು. ಸಪಾಟು ದಾರಿಯಲ್ಲಿ ಎಡಗಾಲೊಂದರಿಂದಲೇ ಸೈಕಲ್ಲು ತುಳಿಯುತ್ತಿದ್ದಳು.

"ಮೋದಿನಣ್ಣಾ, ಅಂಗನವಾಡಿ ನೌಕರಿ ಬಂತು. ಗುಡ್ಡದ ಮ್ಯಾಲಿನ ತಾಂಡಾಕ್ಕ."

"ಶಭಾಶ್! ಪೇಡೆ ಎಲ್ಲವ್ವ ಮತ್ತ?"

"ಪೇಡೆ ಆಮ್ಯಾಲ. ದಸರಿ ಮುಗಿದ ಮರುದಿನ ಹತ್ತರೊಳಗ ಹಾಜರಾಗಬೇಕು. ಇಲ್ಲಂದ್ರ ಪಟ್ಟಿಯೊಳಗ ನನ್ನ ಕೆಳಗಿದ್ದಾಕಿಗೆ ಹೋಗತೈತಿ. ಆ ಕಡೆ ಬಸ್ಸಿಲ್ಲ. ಆ ಏರು ಈ ಕಾಲೀಲೆ ಹತ್ತಾಕ ಆಗತೈತೇನಣ್ಣ?"

ಅವಳು ನಗುತ್ತಲೇ ಕೇಳಿದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಮೋದಿನಸಾಬ ನನ್ನ ಕಡೆ ನೋಡಿದ. "ಸೈಕಲ್ ಇಲ್ಲೇ ಬಿಟ್ಟು ಹೋಗು, ತಂಗೆವ್ವ," ಎಂದ.

ಅವನ ವಿದ್ಯೆ ಬಹಳ ಸರಳ. ಸರಪಳಿಯಿಲ್ಲ, ಹಲ್ಲಿನ ಚಕ್ರವಿಲ್ಲ. ಸೈಕಲ್ಲಿನ ಮುಂದಿನ ಗಾಲಿಯ ಮೇಲೆ ನನ್ನನ್ನು ಕೂರಿಸಿ, ನನ್ನ ತಿರುಗುವ ತುದಿಗೆ ಒಂದು ಉಕ್ಕಿನ ಉರುಳೆ ಹಾಕಿದ. ಹ್ಯಾಂಡಲ್ಲಿನ ಹಿಡಿಕೆ ಒತ್ತಿದರೆ ನಾನು ಬಾಗಿ, ಆ ಉರುಳೆಯನ್ನು ಟೈರಿಗೆ ತಾಗಿಸಬೇಕು. ಉರುಳೆ ಉಜ್ಜುತ್ತ ತಿರುಗಿದರೆ ಗಾಲಿಯೂ ತಿರುಗುತ್ತದೆ. ಹೇಳಲು ಸುಲಭ. ಮೊದಲ ಉರುಳೆ ನುಣ್ಣಗಿತ್ತು, ಜಾರಿತು. ಎರಡನೆಯದಕ್ಕೆ ಚೂಪು ಹಲ್ಲು ಕೊರೆದ. ಅದು ಟೈರನ್ನು ಚೂಡಾದ ಹಾಗೆ ತಿಂದುಹಾಕಿತು.

ಚಹಾದಂಗಡಿಯ ಕಟ್ಟೆಯಿಂದ ಯಾರೋ ಕೂಗಿದರು: "ಏ ಸಾಬಣ್ಣಾ, ಸೈಕಲ್ಲಿಗೆ ಮೂಗುತಿ ಹಾಕಾಕತ್ತಿಯೇನ?"

"ಮೂಗುತಿ ಅಲ್ಲೋ, ಮೂಗುದಾರ! ಹೆಂಗ ಎಳಿತೈತಿ ನೋಡ್ತಿರು."

ಮೂರನೆಯ ಉರುಳೆಗೆ ಸಣ್ಣ ಸಣ್ಣ ಅಡ್ಡಗೆರೆ ಎಳೆದ. ಹಗ್ಗ ಜಗ್ಗಿ ನನ್ನನ್ನು ಎಬ್ಬಿಸಿ, ಸೈಕಲ್ಲೇರಿ, ಹಿಡಿಕೆ ಒತ್ತಿದ. ಉರುಳೆ ಟೈರನ್ನು ಹಿಡಿಯಿತು! ಆಹಾ, ಆ ಗಳಿಗೆಯನ್ನು ಹೇಗೆ ಹೇಳಲಿ? ಹುಟ್ಟಿದ ಮೇಲೆ ಮೊದಲ ಸಲ ಲೋಕ ನನ್ನ ಎದುರಿನಿಂದ ಬಂತು. ಬೇವಿನ ಮರ ಬಂತು, ಎಮ್ಮೆ ಬಂತು, ಬಾಯಿ ತೆರೆದು ನಿಂತ ಚಹಾದಂಗಡಿಯ ಮಂದಿ ಬಂದರು.

ಕಾಶವ್ವ ಹತ್ತಿದಾಗ, "ಅಯ್ಯ ನಮ್ಮವ್ವನ!" ಎಂದು ಚೀರಿದಳು. ಆಮೇಲೆ ಬಗ್ಗಿ ಕಾಲು ನೋಡಿಕೊಂಡಳು. ಅವಳ ಎರಡೂ ಪಾದಗಳು ಪೆಡಲಿನ ಮೇಲೆ ಹಾಯಾಗಿ ಕೂತಿದ್ದವು. ಸೋತ ಕಾಲು ಯಾವುದು, ಗಟ್ಟಿ ಕಾಲು ಯಾವುದು ಎಂದು ಆ ಹೊತ್ತು ನನಗೂ ತಿಳಿಯಲಿಲ್ಲ.

ಮೋದಿನಸಾಬ ಒಂದೇ ಮಾತು ಹೇಳಿ ಕಳಿಸಿದ: "ಸಪಾಟಿನ್ಯಾಗ ತುಳಿ, ಏರಿನ್ಯಾಗಷ್ಟ ಇದನ್ನ ಇಳಿಸು. ಸುಮ್ನ ಟೈರ್ ಸವಸಬ್ಯಾಡ."

ಮನೆಯಲ್ಲಿ ಕಾಶವ್ವನ ಅಜ್ಜಿ ಫಕೀರವ್ವ ಇದ್ದಳು. ದಸರೆಯ ಖಂಡೇಪೂಜೆ, ಆಯುಧಗಳ ಪೂಜೆ, ಬಂತು. ಅವರ ಮನೆಯಲ್ಲಿ ಆ ದಿನ ಕುಡಗೋಲು, ಕೊಡಲಿ, ಈಳಿಗೆ ಎಲ್ಲಕ್ಕೂ ಔಡಲ ಎಣ್ಣೆ ಸವರಿ, ಕುಂಕುಮ ಹಚ್ಚಿ ಇಡುತ್ತಾರೆ. ಮರುದಿನ ಬನ್ನಿ ಹಂಚುವವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಅಜ್ಜಿ ನನ್ನ ಮುಂದೆಯೂ ಬಂದು ಕೂತಳು.

"ಎಲ್ಲಾರಕಿಂತ ಹೆಚ್ಚು ದುಡಿಯೂದು ನೀನಪಾ," ಎಂದು ಉರುಳೆಯನ್ನು ಎಳೆಗೂಸಿನ ಅಂಗಾಲಿನಂತೆ ತಿಕ್ಕಿದಳು. "ನನ್ನ ಮೊಮ್ಮಗಳನ್ನ ಹಗುರಕ ಒಯ್ಯಿ." ಟೈರಿಗೂ ಒಂದು ಸುತ್ತು ಎಣ್ಣೆ ಸವರಿದಳು. ಯಾರೂ ನನ್ನನ್ನು ಹಾಗೆ ಮುಟ್ಟಿರಲಿಲ್ಲ. ಕಬ್ಬಿಣದ ಜೀವವೂ ಕರಗಿತು. ಆ ಎಣ್ಣೆ ಏನು ಮಾಡೀತೆಂದು ಅವಳಿಗೂ ಗೊತ್ತಿರಲಿಲ್ಲ, ಸುಖದಲ್ಲಿದ್ದ ನನಗೂ ಹೊಳೆಯಲಿಲ್ಲ.

ಹಾಜರಾಗುವ ದಿನ ಕಾಶವ್ವ ಮುಂಜಾನೆಯೇ ಹೊರಟಳು. ಸಪಾಟಿನಲ್ಲಿ ತುಳಿದೇ ಹೋದಳು. ಕಪ್ಪತಗುಡ್ಡದ ಬುಡ ಮುಟ್ಟುವಾಗ ಒಂಬತ್ತು ಆಗಿತ್ತು. ಹಗ್ಗ ಜಗ್ಗಿದಳು, ನಾನೆದ್ದೆ. ಹಿಡಿಕೆ ಒತ್ತಿದಳು. ಉರುಳೆ ಗರಗರ ತಿರುಗಿತು, ಗಾಲಿ ಕದಲಲಿಲ್ಲ. ಜಾರುತ್ತಿದ್ದೆ, ಬರೀ ಜಾರುತ್ತಿದ್ದೆ! ಎಷ್ಟು ಕೂಗಿದರೂ ಟೈರು ನನ್ನ ಕೈಗೆ ಸಿಗಲಿಲ್ಲ.

ಅವಳು ಇಳಿದು ಉರುಳೆ ಮುಟ್ಟಿ, ಬೆರಳು ಮೂಸಿದಳು. "ಯವ್ವಾ ಅಜ್ಜೀ, ಏನ್ ಮಾಡಿಟ್ಟೀ!" ಸೆರಗಿನಿಂದ ಒರೆಸಿದಳು, ಗೆರೆಗಳೊಳಗಿನ ಎಣ್ಣೆ ಬಿಡಲಿಲ್ಲ. ಸೈಕಲ್ಲು ನೂಕಿಕೊಂಡು ಇಪ್ಪತ್ತು ಹೆಜ್ಜೆ ಹತ್ತಿದಳು. ಬಲಗಾಲು ಮಡಿಚಿತು. ಇಬ್ಬರೂ ಬಿದ್ದೆವು. ಎದುರಿಗೆ ಎರಡು ಮೈಲಿ ಏರು. ಅವಳು ದಾರಿಯಲ್ಲೇ ಕೂತು ಅತ್ತಳು.

ಪಕ್ಕದ ಬಯಲಿನಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದ ಮುದುಕನೊಬ್ಬ ಎದ್ದು ಬಂದ. "ಯಾಕ ತಂಗಿ, ಗಾಡಿ ಮುನಸ್ಯಾತೇನು?"

"ಎಣ್ಣಿ ಹತ್ತೇತಿ ಕಾಕಾ, ಜಾರಾಕತ್ತೈತಿ."

"ಎಣ್ಣಿ ಹತ್ತಿದ ಬೋಗಾಣಿ ಯಾತರಲೇ ತಿಕ್ಕತೀರವ್ವ ನೀವು?"

ಕಾಶವ್ವ ಅವನ ಮುಖ ನೋಡಿದಳು. ಮರುಗಳಿಗೆ ಅವನ ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದಳು. ಹಿಡಿ ಹಿಡಿ ಒಣ ಬೂದಿ ತಂದು ಉರುಳೆಗೆ, ಟೈರಿಗೆ ಸುರಿದು, ಗೋಣಿತಟ್ಟಿನಿಂದ ಗಸಗಸ ತಿಕ್ಕಿದಳು. ಮುದುಕ ನಕ್ಕ: "ನಾವು ದೇವರಿಗೆ ಭಂಡಾರ ಹಾರಸ್ತೀವಿ, ನೀ ಗಾಲಿಗೆ ಬೂದಿ ಹಾರಸ್ತೀ. ನಡೀಲಿ!"

ಮತ್ತೆ ಹಿಡಿಕೆ ಒತ್ತಿದಳು. ಒಮ್ಮೆ ಜಾರಿದೆ. ಇನ್ನೊಮ್ಮೆ ಜಾರಿದೆ. ಆಮೇಲೆ ಹಿಡಿದೆ.

ಹತ್ತಿದೆವು. ಒಂದು ತಿರುವು, ಮತ್ತೊಂದು ತಿರುವು. ಕಾದು ಕೆಂಪಾಗುತ್ತೇನೋ ಎನ್ನಿಸಿದರೂ ಬಿಡಲಿಲ್ಲ. ಕೊನೆಯ ತಿರುವು ದಾಟಿದಾಗ ಇಬ್ಬರೂ ಬೆರಗಾದೆವು. ಗುಡ್ಡದ ನೆತ್ತಿಯ ಮೇಲೆ ಬಿಳಿಯ ಗಾಳಿ ಫ್ಯಾನುಗಳು, ಮುಗಿಲಿಗೆ ಎದ್ದು ನಿಂತ ರಾಕ್ಷಸರ ಹಾಗೆ, ಸದ್ದಿಲ್ಲದೆ ಕೈ ಬೀಸುತ್ತಿದ್ದವು. ನನಗೋ ಟೈರನ್ನು ಮುಟ್ಟದೆ ಬದುಕಿಲ್ಲ. ಅವನ್ನು ಮುಟ್ಟಿ ತಿರುಗಿಸುವವರು ಯಾರೂ ಕಾಣಲಿಲ್ಲ. ಗಾಳಿಗೆ ಅಷ್ಟು ದೊಡ್ಡ ಕೈಯಿದೆಯೆಂದು ಆವತ್ತೇ ತಿಳಿದದ್ದು.

ತಾಂಡಾದ ಅಂಗನವಾಡಿಯ ಬಾಗಿಲಲ್ಲಿ ಮೇಲ್ವಿಚಾರಕಿ ಗಡಿಯಾರ ನೋಡುತ್ತ ನಿಂತಿದ್ದರು. ಹತ್ತಕ್ಕೆ ಆರು ನಿಮಿಷ ಬಾಕಿ.

"ಏನವ್ವಾ, ಮಾರಿ ತುಂಬ ಬೂದಿ! ಸನ್ಯಾಸಕ್ಕ ಹೊಂಟೀಯೋ, ನೌಕರಿಗೆ ಬಂದೀಯೋ?"

"ನೌಕರಿಗೇ ಬಂದೀನ್ರೀ," ಎಂದು ಕಾಶವ್ವ ಸಹಿ ಮಾಡಿದಳು. ಬೆರಳಿನ ಬೂದಿ ಕಾಗದದ ಮೇಲೆ ಉಳಿಯಿತು. ಹೊರಗೆ ತಾಂಡಾದ ಮಕ್ಕಳು ನನ್ನ ಸುತ್ತ ನೆರೆದು, ನನ್ನ ಗುಂಯ್ ಸದ್ದಿಗೆ ತಕ್ಕಂತೆ ದುಂಬಿಯ ಹೆಸರಿಟ್ಟರು: ಗುಂಗಿ.

ಹನ್ನೊಂದು ವರ್ಷ ಆ ಗುಡ್ಡ ಹತ್ತಿದೆ. ಉರುಳೆಗಳು ಸವೆದವು, ಟೈರುಗಳಿಗೆ ಲೆಕ್ಕವಿಲ್ಲ. ಕೊನೆಗೆ ಒಂದು ದಿನ ಎಷ್ಟು ಹಗ್ಗ ಜಗ್ಗಿದರೂ ನನ್ನ ಕಿಡಿ ಹತ್ತಲಿಲ್ಲ. ಈಗ ಕಾಶವ್ವನಿಗೆ ಹಿಂದೆ ಎರಡು ಗಾಲಿ ಕೂಡಿಸಿದ ಸ್ಕೂಟರ್ ಇದೆ. ನನ್ನನ್ನು ಗುಜರಿಗೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಅಂಗನವಾಡಿಯ ಕಿಟಕಿಕಟ್ಟೆಯ ಮೇಲೆ, ಅಕ್ಷರದ ಹಲಗೆಗಳ ಪಕ್ಕ ಕೂತಿದ್ದೇನೆ. ಮಕ್ಕಳು ಬಂದು ಹೋಗುತ್ತ ಬೆರಳಿನಿಂದ ನನ್ನ ಉರುಳೆ ತಿರುಗಿಸುತ್ತಾರೆ. ಒಳಗಿನ ಕಿಡಿ ಯಾತಕ್ಕೆ ಎಂದು ನಾನೀಗ ಯಾರನ್ನೂ ಕೇಳುವುದಿಲ್ಲ.

ನಿನ್ನೆ ಹಾಜರಿ ಕರೆಯುವಾಗ, ಹೊಸದಾಗಿ ಸೇರಿದ ಸೋನಿ ಎದ್ದು ನಿಂತಳು.

"ಅಕ್ಕೋರ, ಗುಂಗಿ ಹೆಸರು ಕರೀಲಿಲ್ಲಲ್ರೀ?"

ಮಕ್ಕಳೆಲ್ಲ ನಕ್ಕರು. ಕಾಶವ್ವ ನಗಲಿಲ್ಲ. ಹಾಜರಿ ಪುಸ್ತಕ ಮತ್ತೆ ತೆರೆದು, ನನ್ನ ಕಡೆ ತಿರುಗಿ, ಎಲ್ಲರನ್ನೂ ಕರೆಯುವ ಅದೇ ದನಿಯಲ್ಲಿ ಕರೆದಳು:

"ಗುಂಗಿ?"

ಮಕ್ಕಳು ಕಿವಿಗೊಟ್ಟು ಕಾದರು. ಆಮೇಲೆ ಸೋನಿ ಓಡಿಬಂದು, ನನ್ನ ಉರುಳೆಯ ಮೇಲೆ ಅಂಗೈಯಿಟ್ಟು, ನನ್ನ ಪರವಾಗಿ ಕೂಗಿದಳು:

"ಬಂದೀನ್ರೀ!"