ನಾಲಿಗೆಯ ಸಾಕ್ಷಿ

ತಣ್ಣಗಿದೆ, ಅಷ್ಟೇ, ತಣ್ಣಗಿನ ಒದ್ದೆಯದೇನೋ ನಾಲಿಗೆಯ ಮೇಲೆ ಕೂತಿದೆ, ಅಂಚು ಗಟ್ಟಿ, ನಡುವೆ ಮೆತ್ತಗೆ, ಅಗಿದರೆ ನೀರು ಬಿಡುತ್ತದೆ, ನೀರು ಗಂಟಲಿಗೆ ಇಳಿಯುತ್ತದೆ, ಅದರಾಚೆ ಏನೂ ಇಲ್ಲ, ಒದ್ದೆ ಬಟ್ಟೆ ಅಗಿದಿದ್ದರೂ ಇಷ್ಟೇ ಗೊತ್ತಾಗುತ್ತಿತ್ತು — ನಿಧಾನ, ಆತುರ ಏನಿಲ್ಲ, ಎನ್ನುತ್ತಿದ್ದಾಳೆ ಖರೀದಿ ಕಂಪನಿಯಿಂದ ನಮ್ಮ ಹಣ್ಣಿನ ಗೋದಾಮಿಗೆ ಬಂದಿರುವ ಅಧಿಕಾರಿ, ಕೈಯಲ್ಲಿ ಇನ್ನೂ ಚಾಕು ಹಿಡಿದೇ ಇದ್ದಾಳೆ, ಚಾಕು ಹಿಡಿದವರು ಆತುರವಿಲ್ಲ ಎಂದರೆ ಯಾರು ನಂಬುತ್ತಾರೆ. ಮೇಜಿನ ಮೇಲೆ ಸೀಳಿದ ಕರಬೂಜ, ವಾಪಸು ಬಂದ ನಲವತ್ತು ಪೆಟ್ಟಿಗೆಗಳಲ್ಲಿ ಒಂದರದ್ದು, ಅದರ ರಸದ ಹನಿಯನ್ನು ಸಕ್ಕರೆ ಅಳೆಯುವ ಗಾಜಿನ ಮೇಲೆ ಬಿಟ್ಟು ಅವಳು ಆಗಲೇ ನೋಡಿಯಾಗಿದೆ, ಎಂಟು, ನೂರು ಪಾಲಿನಲ್ಲಿ ಎಂಟೇ ಪಾಲು ಸಕ್ಕರೆ, ಹನ್ನೆರಡಕ್ಕಿಂತ ಕಡಿಮೆ ಇದ್ದದ್ದನ್ನು ನಾವು ಪೆಟ್ಟಿಗೆಗೇ ಹಾಕುವುದಿಲ್ಲ, ಎರಡು ವಾರದ ಹಿಂದೆ ಇದೇ ಸರಕಿಗೆ ನಮ್ಮ ಸಿಹಿ ಅಳೆಯುವ ಮೀಟರು ಹದಿಮೂರು ಪಾಯಿಂಟ್ ಎರಡು ಎಂದಿತ್ತು, ನಾನು ಹದಿಮೂರು ಎಂದಿದ್ದೆ. ಒಂದು ಯಂತ್ರ, ಒಂದು ನಾಲಿಗೆ, ಎರಡೂ ಬೇರೆ ಬೇರೆ, ಎರಡೂ ಹೇಳಿದ್ದು ಒಂದೇ ಮಾತು, ಇದಕ್ಕಿಂತ ಸಾಕ್ಷಿ ಬೇಕಾ, ಎಂದು ಮ್ಯಾನೇಜರ್ ಬೆಳಗಿನಿಂದ ನಾಲ್ಕು ಸಲ ಹೇಳಿಯಾಯಿತು, ಕೊಯ್ದ ಮೇಲೆ ಕರಬೂಜದ ಸಿಹಿ ಐದು ಪಾಯಿಂಟ್ ಇಳಿಯುವುದು ಎಲ್ಲೂ ಇಲ್ಲ, ಹಾಗಾದರೆ ಇದು ಆ ಹಣ್ಣಲ್ಲ, ನಡುವೆ ಯಾರೋ ಬದಲಾಯಿಸಿದ್ದಾರೆ, ನಡುವೆ ಇದ್ದದ್ದು ತಂಪುಕೋಣೆ, ತಂಪುಕೋಣೆಯ ಬೀಗದ ಕೈ ಒಬ್ಬನ ಸೊಂಟದಲ್ಲಿ ಮಾತ್ರ. ಆ ಒಬ್ಬ ಬಾಗಿಲ ಬಳಿ ನಿಂತಿದ್ದಾನೆ, ಫ್ರಿಜ್ಜಣ್ಣ, ಇಪ್ಪತ್ತೆರಡು ವರ್ಷದಿಂದ ಆ ಚಳಿಯಲ್ಲಿ ದುಡಿದು ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚದವನು, ಕುರ್ಚಿ ಕೊಟ್ಟರೂ ಕೂರಲಿಲ್ಲ, ಯಾರೂ ಇನ್ನೂ ಕಳ್ಳ ಎಂದಿಲ್ಲ, ಆದರೆ ಆ ಮಾತು ಕೋಣೆಯಲ್ಲಿ ಕಾಲು ಚಾಚಿ ಕೂತುಬಿಟ್ಟಿದೆ. ನಾನು ಒಂದು ಮಾತು ಹೇಳಿದರೆ ಸಾಕು, ಇದು ಅವತ್ತು ನಾನು ತಿಂದ ಹಣ್ಣಲ್ಲ — ಅಷ್ಟೂ ಬೇಡ, ಸುಮ್ಮನೆ ತಲೆ ಅಲ್ಲಾಡಿಸಿದರೂ ನಡೆಯುತ್ತದೆ, ನನ್ನ ತಲೆಗೆ ಇಲ್ಲಿ ಅಷ್ಟು ಬೆಲೆ.

ನಾಲಿಗೆಯಕ್ಕ, ನೀವೇ ಹೇಳಿ, ನಿಮ್ಮ ಮಾತೇ ಕೊನೆ, ಎನ್ನುತ್ತಾರೆ ಮ್ಯಾನೇಜರ್, ನಾಲಿಗೆಯಕ್ಕ, ಹದಿನೆಂಟು ವರ್ಷದಿಂದ ಅದೇ ಹೆಸರು, ಹೋಳು ಬಾಯಿಗಿಟ್ಟು ಅಂಕಿ ಹೇಳುತ್ತಿದ್ದೆ, ಹನ್ನೊಂದೂವರೆ, ಹದಿನಾಲ್ಕು, ಹತ್ತು ಇದನ್ನು ಆ ಕಡೆ ಎಸಿ, ಆಮೇಲೆ ಗಾಜಿಗೆ ಹನಿ ಬಿಟ್ಟು ನೋಡಿದರೆ ಅರ್ಧ ಪಾಯಿಂಟ್ ಆಚೀಚೆ, ಎಷ್ಟು ಜಂಬ ಇತ್ತು ನನಗೆ, ಹೋದ ವರ್ಷ ಈ ಮೀಟರು ಬಂದಾಗ ನಾನೇ ಎಲ್ಲರ ಮುಂದೆ ಆಡಿಕೊಂಡಿದ್ದೆ, ಟಾರ್ಚ್ ಬಿಟ್ಟು ಹುಡುಕೋಕೆ ಸಿಹಿಯೇನು ಮಂಚದ ಕೆಳಗೆ ಅಡಗಿ ಕೂತಿದೆಯಾ. ಅಂಗೈಯಲ್ಲಿ ಹಿಡಿಯುವ ಪುಟ್ಟ ಯಂತ್ರ, ಸಿಪ್ಪೆಗೆ ಒತ್ತಿ ಗುಂಡಿ ಅದುಮಿದರೆ ಬೆಳಕು ಒಳಗೆ ಹೋಗುತ್ತದೆ, ತಿರುಗಿ ಬಂದ ಬೆಳಕನ್ನು ಅಳೆದು ಅಂಕಿ ಹೇಳುತ್ತದೆ, ಹಣ್ಣಿಗೆ ಒಂದು ಗೀರೂ ಬೀಳುವುದಿಲ್ಲ, ದಿನಾ ಬೆಳಿಗ್ಗೆ ಮ್ಯಾನೇಜರ್ ತಾವೇ ಇಪ್ಪತ್ತು ಹಣ್ಣಿಗೆ ಅದನ್ನು ಒತ್ತುತ್ತಾರೆ, ಬೇರೆಯವರಿಗೆ ಕೊಡುವುದಿಲ್ಲ, ಅದರಲ್ಲಿ ಮೂರನ್ನು ನಾನು ಕೊಯ್ದು ತಿಂದು ನನ್ನ ಅಂಕಿ ಬೇರೆ ಹೇಳಬೇಕು, ಅವರದು ನನಗೆ ಗೊತ್ತಿರಬಾರದು, ಅದು ನಿಯಮ. ಆಮೇಲೆ ಆ ಜ್ವರ. ನಾಲ್ಕು ದಿನ ಮಲಗಿದ್ದೆ, ಐದನೇ ದಿನ ಎದ್ದು ಕಾಫಿ ಕುಡಿದರೆ ಬಿಸಿನೀರು, ಸಕ್ಕರೆ ಹಾಕೋದು ಮರೆತ್ರಾ ಎಂದು ಗಂಡನನ್ನು ಕೇಳಿದೆ, ಮರೆತಿರಲಿಲ್ಲ. ಮೂರು ವಾರದಲ್ಲಿ ಬರುತ್ತೆ ಅಂದರು ಡಾಕ್ಟರು, ಮೂರು ವಾರ, ಆರು ವಾರ, ಆರು ತಿಂಗಳು. ಉಪ್ಪು ಸುರಿದ ಸಾರನ್ನು ಗಂಡ ತುಟಿಪಿಟಕ್ಕೆನ್ನದೆ ಉಂಡು ಎರಡು ಚೊಂಬು ನೀರು ಕುಡಿದು ಏಳುತ್ತಿದ್ದ, ಈಗ ದಿನಾ ತಾನೇ ಚಮಚದಲ್ಲಿ ಉಪ್ಪು ಅಳೆದು ಒಲೆಯ ಪಕ್ಕ ಇಟ್ಟು ಹೋಗುತ್ತಾನೆ, ಹೇಳಿಬಿಡೇ ಅವರಿಗೆ, ಅಂದ ಒಂದು ದಿನ, ಏನಂತ ಹೇಳಲಿ, ಕಾಲಿಲ್ಲದ ಪೋಸ್ಟ್‌ಮ್ಯಾನ್‌ನನ್ನು ಯಾರು ಇಟ್ಟುಕೊಳ್ಳುತ್ತಾರೆ, ಅಂದೆ ನಾನು, ಅವನು ನಗಲಿಲ್ಲ.

ಮೀಟರಿಗೆ ನೆನಪಿದೆ, ಅದೇ ನನ್ನನ್ನು ಕೆಡಿಸಿದ್ದು. ಮ್ಯಾನೇಜರ್ ಅಳೆದು ಮುಗಿಸಿ ಅದನ್ನು ನನ್ನ ರುಚಿಕೋಣೆಯ ಕಪಾಟಿನಲ್ಲೇ ಇಟ್ಟು ಹೋಗುತ್ತಿದ್ದರು, ಪಕ್ಕದ ಗುಂಡಿ ಒತ್ತಿದರೆ ಹಳೆಯ ಅಂಕಿಗಳು ಒಂದೊಂದಾಗಿ ಮೇಲೆ ಬರುತ್ತವೆ, ಬಾಗಿಲು ಮುಂದೆ ಮಾಡಿ ನೋಡಿಕೊಂಡೆ, ಮೊದಲ ದಿನ ಎರಡೆರಡು ಸಲ ಬಾಗಿಲ ಕಡೆ ತಿರುಗಿ ನೋಡಿದೆ, ಹತ್ತನೇ ದಿನ ನೋಡಲಿಲ್ಲ, ಹುಷಾರಿಗೆ ಒಂದಕ್ಕೆ ಪಾಯಿಂಟ್ ಎರಡು ಕಡಿಮೆ, ಒಂದಕ್ಕೆ ಪಾಯಿಂಟ್ ಒಂದು ಜಾಸ್ತಿ ಹೇಳುತ್ತಿದ್ದೆ, ಹೋಳು ಅಗಿದು, ಕಣ್ಣು ಮುಚ್ಚಿ, ಒಂದು ಚೂರು ಯೋಚಿಸಿದ ಹಾಗೆ ಮಾಡಿ, ನಾಟಕದವಳಾಗಿದ್ದರೆ ಮೆಡಲ್ ಸಿಗುತ್ತಿತ್ತು. ಅಲ್ಲಿ ಗೋಡೆಯ ಮೇಲೆ ನಕ್ಷೆ ಇದೆ, ನೀಲಿ ಗೆರೆ ಯಂತ್ರದ್ದು, ಕೆಂಪು ಗೆರೆ ನನ್ನದು, ಜ್ವರಕ್ಕೆ ಮುಂಚೆ ಎರಡೂ ಅಕ್ಕಪಕ್ಕ ತೂರಾಡುತ್ತಿದ್ದವು, ಜ್ವರ ಬಂದು ಹೋದಾಗಿನಿಂದ ಒಂದರ ಮೇಲೊಂದು ಮಲಗಿವೆ, ಬಂದವರಿಗೆಲ್ಲ ಮ್ಯಾನೇಜರ್ ಅದನ್ನು ತೋರಿಸಿ ಬೀಗುತ್ತಾರೆ, ಈ ಹೆಂಗಸಿನ ನಾಲಿಗೆ ದಿನದಿನಕ್ಕೂ ಚುರುಕಾಗ್ತಿದೆ, ಅಂತ, ಒಬ್ಬರಿಗಾದರೂ ಅನುಮಾನ ಬರಬಾರದಾ — ಅಕ್ಕ, ಗೊತ್ತಾಯ್ತಾ, ಎನ್ನುತ್ತಾಳೆ ಅಧಿಕಾರಿ, ನಾನು ಬೆರಳು ಎತ್ತಿ ಒಂದು ನಿಮಿಷ ಎಂದು ಸನ್ನೆ ಮಾಡುತ್ತೇನೆ, ಹೋಳು ಆಗಲೇ ನುಣ್ಣಗಾಗಿದೆ, ನುಂಗಲು ಆಗುತ್ತಿಲ್ಲ, ನುಂಗಿದರೆ ಮಾತಾಡಬೇಕು. ನೋಡಿ ಮೇಡಂ, ಅವತ್ತಿನದು ಇದರಲ್ಲೇ ಇದೆ, ಎಂದು ಮ್ಯಾನೇಜರ್ ಮೀಟರಿನ ಗುಂಡಿ ಒತ್ತಿ ಒತ್ತಿ ಆ ದಿನಕ್ಕೆ ಹೋಗಿ ಮೇಜಿನ ನಡುವೆ ಇಡುತ್ತಾರೆ, ಹದಿಮೂರು ಪಾಯಿಂಟ್ ಎರಡು, ದಪ್ಪ ಅಂಕಿ, ಕೆಳಗೆ ತಾರೀಕು, ಆ ಮೇಲಿನ ಮೂಲೆಯಲ್ಲಿ —

ಸೇಬು. ಕಡಲೆಕಾಳಿನಷ್ಟು ಪುಟ್ಟ ಸೇಬಿನ ಚಿತ್ರ, ಒಂದು ಎಲೆ ಬೇರೆ ಇದೆ ಅದಕ್ಕೆ. ಅಲ್ಲಿ ಕರಬೂಜ ಇರಬೇಕಿತ್ತು, ಗುಂಡಗೆ, ಬಲೆಬಲೆ ಗೀರು, ಹಣ್ಣು ಬದಲಾದಾಗ ಚಿತ್ರ ಬದಲಿಸಬೇಕು, ಒಂದೊಂದು ಹಣ್ಣಿನ ಸಿಪ್ಪೆಗೆ ಒಂದೊಂದು ಲೆಕ್ಕ, ತಪ್ಪಿದರೆ ಯಂತ್ರ ಬಾಯಿಗೆ ಬಂದದ್ದು ಹೇಳುತ್ತದೆ, ಹಿಂದಿನ ದಿನ ವರ್ಷದ ಮೊದಲ ಸೇಬು ಬಂದಿತ್ತು, ಮ್ಯಾನೇಜರ್ ಖುಷಿಯಿಂದ ಅಳೆದಿದ್ದರು, ಮಾರನೇ ದಿನ ಚಿತ್ರ ಬದಲಿಸದೆ ಕರಬೂಜಕ್ಕೆ ಒತ್ತಿಬಿಟ್ಟಿದ್ದಾರೆ, ಅಯ್ಯೋ, ಇಂಥ ತಪ್ಪನ್ನು ಹಿಡಿಯಲಿಕ್ಕೆಂದೇ ಅಲ್ಲವಾ ನನ್ನನ್ನು ಇಟ್ಟುಕೊಂಡದ್ದು, ಒಂದು ಹೋಳು ತಿಂದು ಸಪ್ಪೆ ಸಾರ್ ಅಂದಿದ್ದರೆ ಅವತ್ತೇ ಮುಗಿಯುತ್ತಿತ್ತು. ಇಲ್ಲಿ ಎರಡು ಸಾಕ್ಷಿ ಇಲ್ಲ, ಒಂದೇ ಇರುವುದು, ಅದೂ ಸುಳ್ಳು, ನನಗೊಬ್ಬಳಿಗೇ ಗೊತ್ತು. ಸೇಬಿನ ಕಡೆ ಬೆರಳು ತೋರಿಸಲಾ, ತೋರಿಸಿದರೆ ಫ್ರಿಜ್ಜಣ್ಣ ಉಳಿಯುತ್ತಾನೆ, ಆಮೇಲೆ ಕೇಳುತ್ತಾರೆ, ಯಂತ್ರ ತಪ್ಪಿತು ಸರಿ, ನಿಮ್ಮ ನಾಲಿಗೆಗೆ ಹದಿಮೂರು ಎಲ್ಲಿಂದ ಬಂತು — ಭಯ ಆಗುತ್ತಿದೆ, ತಲೆ ಅಲ್ಲಾಡಿಸಿಬಿಡು, ಯಾರಿಗೆ ಗೊತ್ತಾಗುತ್ತದೆ, ಅವನಿಗೆ ಇನ್ನೆರಡು ವರ್ಷ ಸರ್ವಿಸ್ ಅಷ್ಟೇ, ಹೇಗೂ ಬಿಡುವವನು, ಥೂ, ಎಂಥ ಲೆಕ್ಕ ಹಾಕುತ್ತಿದ್ದೇನೆ ನಾನು, ಅವನು ನನ್ನನ್ನೇ ನೋಡುತ್ತಿದ್ದಾನೆ, ಬೇಡುವ ನೋಟವಲ್ಲ, ನಾನು ಸರಿಯಾಗಿಯೇ ಹೇಳುತ್ತೇನೆ ಎಂಬ ನಂಬಿಕೆ, ಅದನ್ನು ನೋಡಲಾಗದೆ ಮತ್ತೆ ಮೀಟರಿನ ಕಡೆ ನೋಡಿದರೆ ಸೇಬು, ಗೋಡೆಯ ಕಡೆ ತಿರುಗಿದರೂ ಕಣ್ಣಲ್ಲಿ ಅದೇ ಸೇಬು. ನುಂಗಿದೆ. ಸಾರ್ ಆ ಮೂಲೆಯಲ್ಲಿ ಸೇಬಿದೆ ನೋಡಿ, ಅಂದದ್ದು ನಾನೇ, ಅಧಿಕಾರಿ ಬಗ್ಗಿದಳು, ಮ್ಯಾನೇಜರ್ ಮುಖದಲ್ಲಿ ರಕ್ತವಿಲ್ಲ, ಇರಲಿ ಅಕ್ಕ, ನೀವೂ ಹದಿಮೂರು ಅಂದಿದ್ರಲ್ಲ, ಅಂದರು, ಬಂತು, ಬಂದೇಬಿಟ್ಟಿತು — ನನಗೆ ರುಚಿ ಗೊತ್ತಾಗಲ್ಲ ಸಾರ್, ಆರು ತಿಂಗಳಾಯ್ತು, ಮೀಟರು ನೋಡ್ಕೊಂಡು ಹೇಳ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು, ಚಾಕು ಮೇಜಿನ ಮೇಲೆ ಇಟ್ಟ ಸದ್ದು, ಆಮೇಲೆ ಬಾಗಿಲ ಬಳಿಯಿಂದ, ಮೆಲ್ಲಗೆ, ಅವತ್ತು ಅದರಲ್ಲೇ ಒಂದು ಹೋಳು ನನಗೂ ಕೊಟ್ಟಿದ್ರಿ ಅಕ್ಕ, ಬರೀ ನೀರು ಅನ್ನಿಸ್ತು, ನೀವು ಹದಿಮೂರು ಅಂದ್ರಲ್ಲ, ಅದಕ್ಕೆ ನನ್ನ ಬಾಯಿಗೇ ಏನೋ ರೋಗ ಬಂದಿದೆ ಅಂದ್ಕೊಂಡು ಎರಡು ವಾರದಿಂದ ಔಷಧಿ ತಗೊಳ್ತಿದ್ದೀನಿ — ಔಷಧಿ, ಎರಡು ವಾರ, ನನ್ನ ಮಾತು ಕೇಳಿ, ಅವನ ಕಡೆ ತಿರುಗಬೇಕು, ಏನಾದರೂ ಹೇಳಬೇಕು, ಕತ್ತು ತಿರುಗುತ್ತಿಲ್ಲ, ಮೇಜಿನ ಮೇಲೆ ಸೇಬು, ಕಡಲೆಕಾಳಿನಷ್ಟು, ಒಂದೇ ಎಲೆ, ಸೇಬು