ಅಗಸೆ ಹಚ್ಚಿದ ತಲೆ

ಕಿಟಕಿಯ ಸರಳಿನ ಮೇಲೆ ಒಂದು ಹನಿ, ಅದರ ಬೆನ್ನಿಗೆ ಇನ್ನೊಂದು, ಎರಡೂ ಕೂಡಿ ಜಾರಿ ನನ್ನ ಮೊಣಕೈ ಮೇಲೆ ಬಿದ್ದವು, ತಣ್ಣಗಿವೆ, ತಲೆ ಮಾತ್ರ ಬೆಚ್ಚಗೆ, ಯಾಕೆ ಬೆಚ್ಚಗೆ, ಇರಲಿ, ಗಾಡಿ ನಾಲವಾರ ಸ್ಟೇಷನ್ ಬಿಟ್ಟು ಹತ್ತು ನಿಮಿಷ ಆಯಿತು, ಹೊರಗೆ ಜಿಟಿಜಿಟಿ ಮಳೆ, ಆದರೂ ಕೂದಲು ಹೇಳಿದ ಮಾತು ಕೇಳಿಕೊಂಡು ಕೂತಿದೆ, ಮುಟ್ಟಿ ನೋಡಿದೆ, ನುಣ್ಣಗಿದೆ, ಶಹಾಬಾದ ಮುಟ್ಟುವ ತನಕ ಹೀಗೇ ಇರಲಪ್ಪಾ, ಹತ್ತೂವರೆಗೆ ನಾಲ್ಕನೇ ಇಯತ್ತೆ, ಒಂದೇ ಒಂದು ಪೀರಿಯಡ್ಡು, ಮಕ್ಕಳು ನಗಬಾರದು, ಅಷ್ಟೇ. ಲಲಿತಾಬಾಯಿ ಹೆಡ್ ಮೇಡಂ ಫೋನಿನಲ್ಲಿ ಹೇಳಿಬಿಟ್ಟಿದ್ದಾರೆ, ಭಾಳ ಗದ್ದಲದ ಹುಡುಗರವ ನೋಡ್ರಿ, ಹಿಂದಿನಾಕಿ ಎರಡೇ ದಿನಕ್ಕ ಅಳಕೋತ ಹೋದಳು, ನೀವು ಒಂದು ಪೀರಿಯಡ್ ಸುಮ್ಮ ಕುಂದರಿಸಿ ತೋರಿಸ್ರಿ, ಕೆಲಸ ನಿಮ್ದೇ. ಈ ತಲೆ ಹೊತ್ತು ಯಾರನ್ನು ಸುಮ್ಮನೆ ಕೂಡಿಸಲಿ? ಮಳೆಗಾಲದಲ್ಲಿ ನನ್ನ ಕೂದಲು ನನಗಿಂತ ಮೊದಲು ಬಾಗಿಲು ದಾಟುತ್ತದೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಬಸವಂತರಾಯ ಸರ್ ಹಾಜರಿ ಕರೆಯುವಾಗ ಒಂದು ದಿನವೂ ಕರುಣಾ ಅನ್ನಲಿಲ್ಲ, ಗುಬ್ಬಿಗೂಡು ಅನ್ನುತ್ತಿದ್ದರು, ಇಡೀ ಕ್ಲಾಸು ಬಿದ್ದುಬಿದ್ದು ನಗುತ್ತಿತ್ತು, ನಾನು ಎದ್ದು ನಿಂತು ಎಸ್ ಸರ್ ಅನ್ನುತ್ತಿದ್ದೆ — ಅಂದೆನಲ್ಲ, ನನ್ನ ಬಾಯಿಂದ ನಾನೇ, ಅದು ಇವತ್ತಿಗೂ ಚುಚ್ಚುತ್ತದೆ.

ಚುಚ್ಚುತ್ತಿದೆ, ನೆತ್ತಿಯ ಮೇಲೆ, ಕಿವಿಯ ಹಿಂದೆ, ಚುರುಚುರು ಉರಿ, ಇದೇನಿದು, ಬೆಳಿಗ್ಗೆ ಕರೆಂಟಿರಲಿಲ್ಲ, ಮೊಬೈಲಿನ ವಿಡಿಯೋದ ಹುಡುಗಿ ಹೇಳಿದ ಹಾಗೆಯೇ ಮಾಡಿದೆನಲ್ಲ, ಒಂದು ಮುಷ್ಟಿ ಅಗಸೆ, ಎರಡು ಲೋಟ ನೀರು, ಲೋಳೆ ಬಿಡುವ ತನಕ ಕುದಿಸಿ, ಸೋಸಿ, ಆರಿಸಿ ಹಚ್ಚಿದರೆ ಎಂಥ ಮಳೆಗೂ ಕೂದಲು ಏಳುವುದಿಲ್ಲವಂತೆ, ಅಗಸೆಗೇನು ಬರ ನಮ್ಮ ಮನೆಯಲ್ಲಿ, ಒಲೆಯ ಪಕ್ಕದ ಬೋಗುಣಿಯಲ್ಲೇ ಇತ್ತು, ಬೋಗುಣಿಯಲ್ಲಿ, ಡಬ್ಬಿಯಲ್ಲಲ್ಲ, ಅಯ್ಯೋ ಯವ್ವಾ, ಅದು ಅವ್ವ ರೊಟ್ಟಿಯ ಚಟ್ನಿಪುಡಿಗೆ, ಅಗಸೆಹಿಂಡಿ ಕುಟ್ಟಲು ಹುರಿದಿಟ್ಟದ್ದು, ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ಸೇರಿಸಿ! ಎದುರಿಗೆ ಕೂತ ಜಬೀನ್, ವಾಡಿಯ ಬಟ್ಟೆ ಅಂಗಡಿಗೆ ದಿನಾ ಇದೇ ಗಾಡಿಯಲ್ಲಿ ಹೋಗುವ ಗೆಳತಿ, ಆಗಿನಿಂದ ಮೂಗು ಅರಳಿಸುತ್ತಿದ್ದವಳು, ಬುತ್ತಿ ಬಿಚ್ಚಮೇನ್ ಬೇ, ನನ್ನ ಕಡಿ ರೊಟ್ಟಿ ಅವ, ನಿನ್ನ ಕಡಿ ಹಿಂಡಿ ಅದ, ಅಂದಳು. ಹಿಂಡಿ ಬುತ್ತಿಯಲ್ಲಿಲ್ಲ, ತಲೆಯಲ್ಲಿದೆ ಅಂದೆ. ಅವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ನಕ್ಕು ನಕ್ಕು ಪಕ್ಕದ ಮುದುಕಿಗೂ ಹೇಳಿದಳು, ಮುದುಕಿ ಇನ್ನೊಬ್ಬಳಿಗೆ, ಇಡೀ ರೈಲುಡಬ್ಬಿಯೇ ನಗುತ್ತಿದೆ, ನನ್ನ ಕಣ್ಣಲ್ಲೂ ನೀರು, ಖಾರಕ್ಕೋ ನಗೆಗೋ ತಿಳಿಯದು. ಆಯಿ ಬೆಳಿಗ್ಗೆಯೇ ಅಂದಿದ್ದಳು, ಅಗಸಿ ತಿನ್ನಾದವಾ, ತಲೀಗಿ ಹಚ್ಚಾದಲ್ಲ. ಅಪ್ಪನ ಅವ್ವ, ಸುಂದರಮ್ಮ, ಈ ಕೂದಲು ಅವಳಿಂದಲೇ ಬಂದದ್ದು, ಮೂವತ್ತು ವರ್ಷ ಕಲ್ಲಿನ ಖಣಿಯಲ್ಲಿ ಬುಟ್ಟಿ ಹೊತ್ತವಳು, ಉಳಿದವರೆಲ್ಲ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಂಡು ಬುಟ್ಟಿ ಎತ್ತಿದರೆ ಇವಳು, ನನಗ್ಯಾಕ ಸಿಂಬಿ, ಹುಟ್ಟತಾನೇ ಸುತಗೊಂಡು ಬಂದೀನಿ, ಅನ್ನುತ್ತಿದ್ದಳಂತೆ. ಮಳೆ ಬಂದು ಖಣಿಯಲ್ಲಿ ನೀರು ನಿಂತ ದಿನ ಮಧ್ಯಾಹ್ನಕ್ಕೇ ಮನೆಗೆ ಬಂದು, ಹೊಸ್ತಿಲಲ್ಲಿ ಕೂತು ಸೆರಗು ಜಾರಿಸಿ ತುರುಬು ಬಿಚ್ಚುತ್ತಿದ್ದಳು, ಆಗ ಅದು ಒಮ್ಮೆಲೇ ಏಳುತ್ತಿರಲಿಲ್ಲ, ಮೆಲ್ಲಗೆ, ಒಲೆಯ ಮೇಲಿನ ಹಾಲಿನಂತೆ ಏರುತ್ತಿತ್ತು, ನಾನು ಕೆಳಗೆ ಕೂತು ಈಗ ಉಕ್ಕುತ್ತದೆ, ಈಗ ಉಕ್ಕುತ್ತದೆ ಎಂದು ನೋಡುತ್ತಿದ್ದೆ. ಅವಳು ಯಾವತ್ತೂ ಅದನ್ನು ಒತ್ತಿ ಕೂಡಿಸಿದ್ದಿಲ್ಲ.

ವಾಡಿ ಬಂತು, ಬಗ್ಗು ಬೇ, ಗಾಡಿ ಇನ್ನೂ ನಿಂದರ್ತದ, ಪ್ಲಾಟ್‌ಫಾರಮ್ಮಿನ ನಳದ ಕೆಳಗೆ ಜಬೀನ್ ನನ್ನ ಕುತ್ತಿಗೆ ಹಿಡಿದು ಎಮ್ಮೆ ತೊಳೆದಂತೆ ತೊಳೆದಳು, ನಂದೂ ನಿನ್ನಂಗೇ ಅದ, ಹಿಜಾಬಿನ ಒಳಗ ಏನೇನ್ ಕುಣಿತದೋ ಯಾರಿಗಿ ಗೊತ್ತು, ಹೋಗು, ಅಲ್ಲಾ ಒಳ್ಳೇದು ಮಾಡ್ಲಿ, ಗಾಡಿ ಕೂಗಿತು, ಓಡಿ ಹತ್ತಿದೆ, ಉರಿ ಹೋಯಿತು, ನುಣುಪೂ ಹೋಯಿತು. ಈಗ ಕಿಟಕಿಯಿಂದ ಒದ್ದೆ ಗಾಳಿ, ಒಂದೊಂದೇ ಎಳೆ ಏಳುತ್ತಿದೆ, ಎರಡು ಕ್ಲಿಪ್ಪು, ಒಂದು ರಬ್ಬರ್ ಬ್ಯಾಂಡ್, ಶಹಾಬಾದ ಸ್ಟೇಷನ್ನಿನ ಮೆಟ್ಟಿಲ ಮೇಲೆ ರಬ್ಬರ್ ಬ್ಯಾಂಡ್ ಪಟ್ ಅಂತ ಹರಿಯಿತು. ವಾಪಸ್ ಹೋಗಲೇ, ತಿರುಗಿ ಹೋಗುವ ಗಾಡಿ ಎಷ್ಟಕ್ಕೋ, ಅವ್ವನಿಗೆ ಏನು ಹೇಳಲಿ, ಕೂದಲಿಗೆ ಹೆದರಿ ಬಂದೆ ಅನ್ನಲೇ, ನಾಚಿಕೆಯಾಗಬೇಕು, ಕಾಲುಗಳು ಅಷ್ಟರಲ್ಲಿ ತಾವೇ ಶಾಲೆಯ ಗೇಟು ದಾಟಿದವು, ವರಾಂಡದ ಫರಸಿ ಕಲ್ಲು ಮಳೆಗೆ ಬೆವೆತು ಜಾರುತ್ತಿದೆ, ಲಲಿತಾಬಾಯಿ ಮೇಡಂ ನನ್ನ ಮುಖ ಬಿಟ್ಟು ಅದರ ಮೇಲೆ ನೋಡಿದರು, ಹಾಜರಿ ಪುಸ್ತಕ ಕೈಗೆ ಕೊಟ್ಟರು, ನಾಲ್ಕನೇ ಇಯತ್ತೆಯ ಬಾಗಿಲಲ್ಲೇ ನಿಂತರು.

ಕಿಸಕ್ಕನೆ ಒಂದು ನಗು, ಮೂಲೆಯಿಂದ ಇನ್ನೊಂದು, ನೋಡಬಾರದು, ಪುಸ್ತಕ ನೋಡು ಕರುಣಾ, ಓದು, ತಾಹಿರ್, ಎಸ್ ಟೀಚರ್, ದೇವಾನಂದ, ಎಸ್ ಟೀಚರ್, ನಗು ಬೆಳೆಯುತ್ತಿದೆ, ಮತೀನ, ಎಸ್ ಟೀಚರ್, ಮುಸರತ. ಮುಸರತ? ಟೀಚರ್, ಹಂಗ ಕರದ್ರ ಆಕಿ ಓ ಅನ್ನಂಗಿಲ್ರಿ, ಕಸಬರಗಿ ಅನ್ರಿ, ನಿಂದರ್ತಾಳ, ಅಂದ ತಾಹಿರ್, ಇಡೀ ಕ್ಲಾಸು ಬೆಂಚು ಬಡಿದು ನಗುತ್ತಿದೆ, ಕೊನೆಯ ಬೆಂಚಿನಲ್ಲಿ ಒಂದು ಹುಡುಗಿ, ಎಣ್ಣೆ ಸುರಿದು ಹುಬ್ಬು ಮೇಲಕ್ಕೇರುವಷ್ಟು ಬಿಗಿದ ಎರಡು ಜಡೆ, ಆಗಲೇ ಅರ್ಧ ಎದ್ದಿದ್ದಾಳೆ, ಎಸ್ ಅನ್ನಲು ಬಾಯಿ ತೆರೆದಿದ್ದಾಳೆ, ಬೇಡ ತಾಯಿ, ಆ ಹೆಸರಿಗೆ ಏಳಬೇಡ. ಕುಂದರು, ಅಂದೆ. ಕೂತಳು. ಎರಡೂ ಕ್ಲಿಪ್ಪು ತೆಗೆದು ಮೇಜಿನ ಮೇಲಿಟ್ಟೆ, ಏಳುವಷ್ಟು ಏಳಲಿ ಇದು, ಎಲ್ಲರೂ ಕಣ್ತುಂಬ ನೋಡಲಿ, ಮತ್ತೆ ಕರೆದೆ, ಮುಸರತ. ನಗು ನಿಂತಿದೆ, ತಗಡಿನ ಮೇಲಿನ ಮಳೆ ಕೇಳಿಸುತ್ತಿದೆ, ಹುಡುಗಿ ನನ್ನ ತಲೆಯನ್ನೇ ನೋಡುತ್ತಿದ್ದಾಳೆ, ಅವಳ ಕೈ ಜಡೆಗೆ ಹೋಯಿತು, ಕೆಂಪು ರಿಬ್ಬನ್ನಿನ ತುದಿ ಎಳೆದಳು, ಎದ್ದು ನಿಂತಳು, ಎಸ್ ಟೀಚರ್ — ಬಿಚ್ಚಿಕೊಂಡ ಅವಳ ಕೂದಲು ಏರುತ್ತಿದೆ, ಮೆಲ್ಲಗೆ, ಯಾರೂ ಉಸಿರೆತ್ತುತ್ತಿಲ್ಲ, ಬಾಗಿಲಲ್ಲಿ ಮೇಡಂ ಕೂಡ, ಏರುತ್ತಿದೆ, ಹೊಸ್ತಿಲಲ್ಲಿ ಆಯಿ, ಒಲೆಯ ಮೇಲೆ ಹಾಲು, ಅಂಚಿಗೆ ಬಂದ ಹಾಲು.